ಹೊಸ ವ್ಯಾನು ಪಳಗುವವರೆಗೆ

ಬೆಳಕು ಹರಿಯುವ ಮೊದಲೇ ಆ ಓಣಿಯಲ್ಲಿ ಒಂದು ಗುರುಗುಟ್ಟುವ ಸದ್ದು ಶುರುವಾಗುತ್ತಿತ್ತು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರಾಡುವಂತೆ ಒಂದೇ ಸಮನೆ. ಕಿಟಕಿಯ ಗಾಜುಗಳು ಅದಕ್ಕೆ ತಕ್ಕಂತೆ ಸಣ್ಣಗೆ ನಡುಗುತ್ತಿದ್ದವು. ಎದುರುಮನೆಯ ಟೈಲರ್ ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ, “ಎದ್ದಿತು ನೋಡು, ನಿಧಾನಣ್ಣನ ಕೂಸು” ಎಂದು ಹೆಂಡತಿಗೆ ಹೇಳಿ ದಿಂಬನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದ.

ಕೂಸು ಎಂದರೆ ಗಾಜಿನಂಗಡಿಯ ಹೊಸ ವ್ಯಾನು. ನಿಧಾನಣ್ಣ ಅದರ ಡ್ರೈವರು. ದಿನಾ ಎದ್ದ ಕೂಡಲೇ ಅದನ್ನು ಚಾಲೂ ಮಾಡಿ, ಎಂಜಿನ್ನು ಮೈಬಿಸಿ ಮಾಡಿಕೊಳ್ಳಲಿ ಎಂದು ಹಾಗೇ ಬಿಟ್ಟು ಒಳಗೆ ಹೋಗುತ್ತಿದ್ದ. ಹಲ್ಲುಜ್ಜಿ, ಸ್ನಾನ ಮುಗಿಸಿ, ಚಹಾ ಕುಡಿದು, ಪೇಪರಿನ ಮೊದಲ ಪುಟ ಓದಿ ಹೊರಗೆ ಬರುವವರೆಗೂ ವ್ಯಾನು ನಿಂತಲ್ಲೇ ಗುರುಗುಟ್ಟುತ್ತಿರಬೇಕು.

“ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನವಾದ್ರೂ ನನಗೆ ನೀರು ಕಾಯಿಸಿ ಕೊಟ್ಟಿದ್ರಾ?” ಎಂದು ಹೆಂಡತಿ ಕೇಳುತ್ತಿದ್ದಳು. “ಅದಕ್ಕೆ ನೋಡಿ, ಮೈ ಬೆಚ್ಚಗಾಗೋವರೆಗೆ ಕಾವಲು.”

“ನೀನು ಬರುವಾಗಲೇ ಬಿಸಿಯಾಗಿದ್ದೆ” ಎಂದು ಅವನು ಉತ್ತರ ಕೊಟ್ಟಿದ್ದ. ಕೊಟ್ಟದ್ದು ಮಾತ್ರ ಅವತ್ತಿನ ಸಂಜೆ, ಅವಳು ಕೇಳಿದ್ದನ್ನೇ ಮರೆತು ಬಟ್ಟೆ ಮಡಚುತ್ತಿದ್ದಾಗ.

ಅವನ ಸ್ವಭಾವವೇ ಹಾಗೆ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಅಂಗಡಿಯಲ್ಲಿ, ಓಣಿಯಲ್ಲಿ, ಬಂಕಿನಲ್ಲಿ, ಎಲ್ಲೆಡೆ ನಿಧಾನಣ್ಣ. ಹುಟ್ಟುವಾಗ ಅವನು ಹೀಗಿರಲಿಲ್ಲವಂತೆ. ಎಳೆಯ ವಯಸ್ಸಿನಲ್ಲಿ ಮರ ಹತ್ತಿ ಹಾರುವುದು, ಸೈಕಲ್ಲಿನ ಕೈ ಬಿಟ್ಟು ಇಳಿಜಾರು ಇಳಿಯುವುದು ಎಲ್ಲವನ್ನೂ ಮಾಡಿದವನೇ. ಗಾಜು ಅವನನ್ನು ನಿಧಾನ ಮಾಡಿತು. ಗಾಜಿನಂಗಡಿಯ ವ್ಯಾನಿನ ಹಿಂಭಾಗದಲ್ಲಿ ಗುಡಾರದ ಆಕಾರದ ಮರದ ಚೌಕಟ್ಟೊಂದು ಇರುತ್ತದೆ. ಅದರ ಎರಡೂ ಮಗ್ಗುಲಿಗೆ ಗಾಜಿನ ಹಾಳೆಗಳು ಒರಗಿ ನಿಲ್ಲುತ್ತವೆ. ನಡುನಡುವೆ ರಟ್ಟು, ಅಂಚಿಗೆ ರಬ್ಬರು, ಮೇಲೆ ಹಗ್ಗ. ಗಾಜನ್ನು ಮಲಗಿಸಿ ಒಯ್ಯುವಂತಿಲ್ಲ. ಒಂದು ಹಳ್ಳ ಸಿಕ್ಕರೆ ಸಾಕು, ಮಲಗಿದ ಗಾಜು ತನ್ನ ಭಾರಕ್ಕೆ ತಾನೇ ಸೀಳುತ್ತದೆ. ಇಂಥ ಸರಕನ್ನು ಬೆನ್ನಿಗೆ ಕಟ್ಟಿಕೊಂಡು ಬೀದಿ ಸುತ್ತಿದವನಿಗೆ ಕಣ್ಣು ಮುಂದೆ, ಕಿವಿ ಹಿಂದೆ. ಎಲ್ಲಿ ಟಿಣ್ ಎನ್ನುತ್ತದೋ ಎಂಬ ಭಯ. ತಿರುವು ಕಾಣುವ ಮುಂಚೆಯೇ ಬ್ರೇಕಿನ ಮೇಲೆ ಕಾಲು, ಅದೂ ಮೊಟ್ಟೆಯ ಮೇಲೆ ಇಟ್ಟಂತೆ. ವರ್ಷಗಳು ಉರುಳಿದ ಹಾಗೆ ಆ ನಿಧಾನ ಕಾಲಿನಿಂದ ಮೇಲೇರಿ ಮೈಯನ್ನೆಲ್ಲ ಹಿಡಿಯಿತು. ಊಟಕ್ಕೆ ಕೂತರೆ ತಟ್ಟೆ ಒಣಗುತ್ತಿತ್ತು. ಜಗಳವಾಡಿದರೂ ಉತ್ತರ ಬರುವ ಹೊತ್ತಿಗೆ ಎದುರಾಳಿ ರಾಜಿಯಾಗಿರುತ್ತಿದ್ದ.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದಳು.

ಅವಳಿಗೆ ಡ್ರೈವಿಂಗ್ ಕಲಿಸಿದ್ದು ಅವನೇ. ಅಂಗಡಿಯ ಹಿಂದಿನ ಬಯಲಿನಲ್ಲಿ, ಹಳೆಯ ವ್ಯಾನಿನಲ್ಲಿ, ಚೌಕಟ್ಟಿಗೆ ಒಂದು ಒಡಕು ಗಾಜನ್ನು ಒರಗಿಸಿಟ್ಟು. ಅದು ಅಲುಗಿದ ಸದ್ದು ಕೇಳಿದರೆ ಮತ್ತೆ ಮೊದಲಿನಿಂದ. ಅವಳು ಕೆಲಸಕ್ಕೆ ಸೇರಿದ ವಾರವೇ ಮನೆಗೆ ಬಂದು, “ಅಪ್ಪ, ನೀನು ನನಗೆ ಎರಡು ಗೇರು ಮಾತ್ರ ಕಲಿಸಿದ್ದೆ. ಉಳಿದವೂ ಇವೆ ಅಂತ ಅಲ್ಲಿಗೆ ಹೋದ ಮೇಲೇ ಗೊತ್ತಾಯ್ತು” ಎಂದಿದ್ದಳು. ಅವನು ನಗಲಿಲ್ಲ. ಆದರೆ ಅವತ್ತಿನಿಂದ ರಸ್ತೆಯಲ್ಲಿ ಎಲ್ಲಿ ಸೈರನ್ ಕೇಳಿದರೂ ವ್ಯಾನನ್ನು ಬದಿಗೆ ಹಾಕಿ, ಆಂಬುಲೆನ್ಸ್ ದಾಟಿ ಹೋಗುವವರೆಗೂ ನಿಂತು, “ನಮ್ಮವಳಿರಬಹುದು” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಊರಲ್ಲಿ ಆಂಬುಲೆನ್ಸುಗಳು ಬೇಕಾದಷ್ಟಿದ್ದವು. ಅವನಿಗೆ ಎಲ್ಲವೂ ನಮ್ಮವಳದ್ದೇ.

ಹಳೆಯ ವ್ಯಾನು ಕೊನೆಗೂ ಕೈಚೆಲ್ಲಿದ ಮೇಲೆ ಹೊಸದು ಬಂದಿತ್ತು. ಇಡೀ ಜನ್ಮದಲ್ಲಿ ಅವನ ಕೈಗೆ ಬಂದ ಮೊದಲ ಹೊಸ ಗಾಡಿ. ಅದೂ ಅವನ ಕೆಲಸದ ಕೊನೆಯ ವರ್ಷದಲ್ಲಿ. ಸೀಟಿನ ಪ್ಲಾಸ್ಟಿಕ್ಕನ್ನು ಅವನು ಇನ್ನೂ ತೆಗೆದಿರಲಿಲ್ಲ. ಕೂತರೆ ಚರಚರ ಎನ್ನುತ್ತಿತ್ತು, ಬಿಸಿಲೇರಿದರೆ ಬೆನ್ನಿಗೆ ಅಂಟುತ್ತಿತ್ತು, ಆದರೂ ಇರಲಿ. ಬಹಳ ಹಿಂದೆ ಹಳೆಯ ವ್ಯಾನಿನ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸಿದಾಗ ಮೆಕ್ಯಾನಿಕ್ ಒಬ್ಬ ಅವನ ಕಿವಿಯಲ್ಲಿ ಹೇಳಿದ್ದ, ಹೊಸ ಎಂಜಿನ್ನಿಗೆ ಭಾರ ಹೊರಿಸಬೇಡ, ಏರು ಹತ್ತಿಸಬೇಡ, ಅವಸರ ಮಾಡಬೇಡ ಎಂದು. ನಿಧಾನಣ್ಣ ಅಕ್ಷರಶಃ ಪಾಲಿಸಿದ್ದ. ಆ ಎಂಜಿನ್ ಅಷ್ಟು ಕಾಲ ಬಾಳಿತ್ತು. ಇನ್ನೇನು ಸಾಕ್ಷಿ ಬೇಕು? ಚೆನ್ನಾಗಿ ಪಳಗಿದ ಗಾಡಿಯೊಂದನ್ನು ಮುಂದಿನವನ ಕೈಗೆ ಒಪ್ಪಿಸಿ ಇಳಿಯಬೇಕು ಎಂಬುದೊಂದೇ ಅವನ ಆಸೆಯಾಗಿತ್ತು.

ಹಾಗಾಗಿ ಹೊಸ ವ್ಯಾನಿಗೆ ಅವನು ಅರ್ಧ ಹೊರೆಯನ್ನೇ ಹಾಕುತ್ತಿದ್ದ, ಒಂದು ಸಲಕ್ಕೆ ಮುಗಿಯುವುದನ್ನು ಎರಡು ಸಲ ಒಯ್ಯುತ್ತಿದ್ದ. ಏರು ರಸ್ತೆ ಬಂದರೆ ಬಿಟ್ಟು ಕೆರೆಯ ಪಕ್ಕದ ಸಮತಟ್ಟಾದ ದಾರಿಯಲ್ಲಿ ಸುತ್ತಿ ಬರುತ್ತಿದ್ದ. ಬೆಟ್ಟದ ಮೇಲಿನ ಬಡಾವಣೆಗೆ ಗಾಜು ಹೋಗಬೇಕಾದರೆ ಪರಿಚಯದ ಟೆಂಪೋದವನಿಗೆ ಕೈಮುಗಿದು ಕಳಿಸುತ್ತಿದ್ದ. ರಜೆಯ ದಿನ ಖಾಲಿ ವ್ಯಾನನ್ನು ಕೆರೆಯ ಸುತ್ತ ಒಂದೇ ಹದದಲ್ಲಿ ಓಡಿಸಿ ತರುತ್ತಿದ್ದ, ನಾಯಿಯನ್ನು ವಾಕಿಂಗಿಗೆ ಒಯ್ದಂತೆ. ಹಿಂದುಗಡೆ ರಟ್ಟಿನ ಮೇಲೆ ತನ್ನ ಕೈಯಾರೆ ಬರೆದು ತೂಗುಹಾಕಿದ್ದ: ‘ಹೊಸ ಎಂಜಿನ್. ದಾಟಿ ಹೋಗಿ.’ ಸೈಕಲ್ಲಿನವರೂ ಅದನ್ನು ಓದಿ, ಅಪ್ಪಣೆಯಂತೆ ದಾಟಿ ಹೋಗುತ್ತಿದ್ದರು.

ಆದರೆ ವ್ಯಾನು ಕುಡಿಯುತ್ತಿತ್ತು.

ಗಾಜಿನಂಗಡಿಯ ಯಜಮಾನತಿ ಅದನ್ನು ಮೊದಲ ತಿಂಗಳೇ ಕಂಡುಹಿಡಿದಿದ್ದಳು. ಅಪ್ಪನ ನಂತರ ಅಂಗಡಿ ನೋಡಿಕೊಳ್ಳುತ್ತಿದ್ದವಳು. ಚಿಕ್ಕವಳಿದ್ದಾಗ ಅವಳನ್ನು ಶಾಲೆಗೆ ಬಿಡುತ್ತಿದ್ದದ್ದು ನಿಧಾನಣ್ಣನೇ, ಹಳೆಯ ವ್ಯಾನಿನಲ್ಲಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು. ಅವಳು ದಿನಾ ತಡವಾಗಿ ಹೋಗಿ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಅಂಗಡಿಯೊಳಗೆ ಅವನು ಅವಳನ್ನು ಅಮ್ಮಾವ್ರೆ ಎನ್ನುತ್ತಿದ್ದ, ಹೊರಗೆ ಪುಟ್ಟಕ್ಕ. ಅವಳು ಯಾವಾಗಲೂ ಅಣ್ಣ ಎನ್ನುತ್ತಿದ್ದಳು. ಸಿಟ್ಟು ಬಂದರೆ ಮಾತ್ರ ಡ್ರೈವರ್ರೇ.

“ಡ್ರೈವರ್ರೇ, ಸ್ವಲ್ಪ ಕೂತ್ಕೊಳ್ಳಿ” ಎಂದಳು ಒಂದು ಮಧ್ಯಾಹ್ನ.

ಅವನು ಕೂರಲಿಲ್ಲ. ಕನ್ನಡಿಗಳ ಸಾಲಿನ ಮುಂದೆ ನಿಂತುಕೊಂಡ. ಕನ್ನಡಿಗಳಲ್ಲಿ ಐದಾರು ನಿಧಾನಣ್ಣಂದಿರು ಕೈಕಟ್ಟಿಕೊಂಡು ನಿಂತರು.

“ಹಳೇ ವ್ಯಾನು ಮುದಿಯಾಗಿ ಕೆಮ್ಮುತ್ತಾ ಓಡುವಾಗಲೂ ಲೀಟರಿಗೆ ಹನ್ನೊಂದು ಕಿಲೋಮೀಟರ್ ಕೊಡ್ತಿತ್ತು. ಇದು ಒಂಬತ್ತು ದಾಟ್ತಾ ಇಲ್ಲ. ಯಾಕೆ?”

“ಹೊಸದಲ್ವಾ ಅಮ್ಮಾವ್ರೆ. ಒಳಗೆ ಎಲ್ಲ ಬಿಗಿಯಾಗಿರುತ್ತೆ. ಉಜ್ಜಾಟ ಜಾಸ್ತಿ, ಅದಕ್ಕೆ ಕುಡಿಯುತ್ತೆ. ಸವೆದು ಹೊಂದಿಕೊಂಡ ಮೇಲೆ ತಾನಾಗಿ ಕಮ್ಮಿ ಆಗುತ್ತೆ.”

“ಯಾವಾಗ?”

“ನಿಧಾನವಾಗಿ.”

“ಅದು ನನಗೆ ಗೊತ್ತಿತ್ತು” ಎಂದಳು. ನಗು ಬಂದದ್ದನ್ನು ನುಂಗಿಕೊಂಡು ಮುಂದುವರಿಸಿದಳು. “ಮೊದಲ ತಿಂಗಳೂ ಇದನ್ನೇ ಹೇಳಿದ್ರಿ. ಎರಡನೇ ತಿಂಗಳಿಗೆ ಇನ್ನೂ ಇಳಿದಿದೆ. ಪಳಗೋದು ಅಂದ್ರೆ ಹಿಂದಕ್ಕೆ ನಡೆಯೋದಾ? ನೋಡಿ ಅಣ್ಣ, ಮುಂದಿನ ಸರ್ವೀಸಿನ ಒಳಗೆ ನಮಗೆ ಸರಿ ಬರಲಿಲ್ಲ ಅಂದ್ರೆ ವಾಪಸ್ ತಗೋತೀವಿ ಅಂತ ಶೋರೂಮಿನವರು ಒಪ್ಪಿದ್ದಾರೆ. ಹಾಗೇನಾದ್ರೂ ಆದ್ರೆ ನಾನು ಇನ್ನೊಂದು ಕೊಳ್ಳಲ್ಲ. ಬಾಡಿಗೆ ಗಾಡಿ ಕರೆಸ್ತೀನಿ. ಅವರದ್ದೇ ಗಾಡಿ, ಅವರದ್ದೇ ಡ್ರೈವರು.”

“ಮತ್ತೆ ನಾನು?”

“ನಿಮಗೆ ಕೆಲಸ ಇರುತ್ತೆ. ಇಲ್ಲೇ, ಒಳಗೆ. ಕನ್ನಡಿ ಒರೆಸೋದು, ಗಿರಾಕಿಗಳಿಗೆ ತೋರಿಸೋದು. ವರ್ಷ ಮುಗಿಯೋವರೆಗೆ ನೆರಳಲ್ಲಿ ಇರ್ತೀರಿ.”

ಅವಳು ಮೆತ್ತಗೆ ಹೇಳಿದ್ದರಿಂದಲೇ ಅದು ಹೆಚ್ಚು ನಾಟಿತು. ಅವನು ಕನ್ನಡಿಗಳನ್ನು ನೋಡಿದ. ಇನ್ನು ಮೇಲೆ ಇಡೀ ದಿನ ತನ್ನ ಮುಖವನ್ನೇ ಒರೆಸುತ್ತಾ ನಿಲ್ಲಬೇಕು. ಒರೆಸಿದಷ್ಟೂ ಅದು ಸ್ಪಷ್ಟವಾಗುತ್ತದೆ.

ಹೆದರಿದ ಮನುಷ್ಯ ತನಗೆ ಗೊತ್ತಿರುವುದನ್ನೇ ಇನ್ನಷ್ಟು ಮಾಡುತ್ತಾನೆ. ನಿಧಾನಣ್ಣ ಇನ್ನೂ ನಿಧಾನವಾದ. ಬೆಳಗಿನ ಗುರುಗುಟ್ಟು ಪೇಪರಿನ ಎರಡನೇ ಪುಟದವರೆಗೂ ಬೆಳೆಯಿತು. ಹೊರೆ ಅರ್ಧದಿಂದ ಕಾಲು ಭಾಗಕ್ಕೆ ಇಳಿಯಿತು. ಕೆರೆಯ ಸುತ್ತಿನ ಓಡಾಟ ರಜೆಯ ದಿನದಿಂದ ದಿನದಿನದ್ದಾಯಿತು. ಹಾಗೆ ಮಾಡಿದಷ್ಟೂ ಡೀಸೆಲ್ ಮುಳ್ಳು ಬೇಗ ಬೇಗ ಕೆಳಗೆ ಬೀಳುತ್ತಿತ್ತು. ಅವನಿಗೆ ಅದರ ಅರ್ಥವಾಗಲಿಲ್ಲ. ಜ್ವರದ ಮಗುವಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿ, ಮೈ ಇನ್ನೂ ಯಾಕೆ ಸುಡುತ್ತಿದೆ ಎಂದು ಕಂಗಾಲಾಗುವ ತಾಯಿಯಂತಾಗಿದ್ದ.

“ಅಪ್ಪ, ಅದನ್ನ ತೊಟ್ಟಿಲಲ್ಲಿ ಹಾಕಿ ತೂಗ್ತಾ ಇದ್ದೀಯ ನೀನು” ಎಂದಳು ಮಗಳು ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಾ. “ಅದಕ್ಕೆ ಸ್ವಲ್ಪ ಕೆಲಸ ಕೊಡು.”

“ಹೊಸ ಎಂಜಿನ್ನಿನ ವಿಷಯ ನಿನಗೇನು ಗೊತ್ತು? ನಿನ್ನ ಕೈಗೆ ಬರೋ ಹೊತ್ತಿಗೆ ಗಾಡೀನ ಇನ್ಯಾರೋ ಪಳಗಿಸಿರ್ತಾರೆ.”

“ಕಳೆದ ವರ್ಷ ಬಂದದ್ದು ಹೊಸದೇ ಅಪ್ಪ. ಮೊದಲ ದಿನವೇ ಹೆರಿಗೆ ನೋವಿನವಳೊಬ್ಬಳು ಹತ್ತಿದಳು. ತಡ್ಕೊಳಮ್ಮಾ, ಎಂಜಿನ್ ಇನ್ನೂ ಪಳಗಿಲ್ಲ ಅನ್ನೋಕಾಗುತ್ತಾ?”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಿಧಾನಣ್ಣ ಕೀ ಎತ್ತಿಕೊಂಡು ಕೆಲಸಕ್ಕೆ ಹೊರಟ. ಸಂಜೆ ಮೂವರೂ ಊಟಕ್ಕೆ ಕೂತಾಗ ಅವನು ತಲೆಯೆತ್ತಿ ಕೇಳಿದ. “ಮಗು ಹುಟ್ಟಿತಾ?”

“ಯಾವ ಮಗು?”

“ಬೆಳಿಗ್ಗೆ ಹೇಳಿದ್ಯಲ್ಲ.”

“ಹುಟ್ಟಿತು ಅಪ್ಪ. ಇಷ್ಟು ಹೊತ್ತಿಗೆ ನಡೆಯೋಕೂ ಕಲಿತಿರುತ್ತೆ.”

ಸರ್ವೀಸಿನ ದಿನಕ್ಕೆ ಇನ್ನು ಕೆಲವು ವಾರಗಳಿವೆ ಎನ್ನುವಾಗ ಬೆಟ್ಟದ ಮೇಲಿನ ಹೊಸ ಗ್ರಂಥಾಲಯದಿಂದ ಕೆಲಸ ಬಂತು. ಓದುವ ಕೋಣೆಯ ಕಿಟಕಿಗಳಿಗೆ ಆಳೆತ್ತರದ ಗಾಜು. ನಿಧಾನಣ್ಣ ಎಂದಿನಂತೆ ಟೆಂಪೋದವನ ಹೆಸರೆತ್ತಿದ. ಯಜಮಾನತಿ ತಲೆಯಾಡಿಸಿದಳು. “ನಮ್ಮ ಗಾಡಿಯಲ್ಲೇ ಹೋಗಲಿ. ಅದಕ್ಕೇ ಅಲ್ವಾ ಕೊಂಡದ್ದು?”

ಹಿಂದಿನ ದಿನ ಗಾಜುಗಳನ್ನು ಹೊರಗೆ ತೆಗೆದಿಡುವಾಗ ಒಂದರ ಅಂಚು ಕೈಜಾರಿತು. ಅವನು ಬಿಡಲಿಲ್ಲ. ಗಾಜು ಉಳಿಯಿತು, ಮಣಿಕಟ್ಟು ಉಳುಕಿತು. ಸಂಜೆಯ ಹೊತ್ತಿಗೆ ಅದು ಊದಿಕೊಂಡು ಗೇರು ಹಿಡಿಯುವುದಿರಲಿ, ಚಮಚ ಹಿಡಿಯಲೂ ಬಾರದಂತಾಯಿತು. ಮಗಳೇ ಬಟ್ಟೆ ಸುತ್ತಿದಳು, ಆಸ್ಪತ್ರೆಯಲ್ಲಿ ನೋಡಿ ಕಲಿತ ಹಾಗೆ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ.

“ನಾಳೆಯಿಂದ ನನಗೆ ರಜೆ. ನಾನು ಓಡಿಸ್ತೀನಿ” ಎಂದಳು.

ಅವನು ಗೋಡೆ ನೋಡಿದ. ಅವನ ಮನಸ್ಸಿನಲ್ಲಿ ಬೆಟ್ಟದ ರಸ್ತೆ ತಿರುವು ತಿರುವಾಗಿ ಬಿಚ್ಚಿಕೊಳ್ಳುತ್ತಿತ್ತು. ಪ್ರತಿ ತಿರುವಿನಲ್ಲೂ ಒಂದು ಗಾಜು ಒಡೆಯುತ್ತಿತ್ತು. ಒಂದೇ ಒಂದು ಒಡೆದರೂ ಸಾಕು, ವ್ಯಾನನ್ನು ವಾಪಸ್ ಕಳಿಸಲು ಬೇರೆ ನೆಪ ಬೇಡ. ಹೋಗದಿದ್ದರೂ ಅದೇ. ಮಲಗುವ ಮುಂಚೆ ಅವನು ಅವಳ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ. “ನೀನೇ ಓಡಿಸು. ನಾನು ಪಕ್ಕದಲ್ಲಿರ್ತೀನಿ.”

ಬೆಳಿಗ್ಗೆ ಅವಳು ವ್ಯಾನು ಹತ್ತಿದವಳೇ ಮೊದಲು ಸೀಟಿನ ಪ್ಲಾಸ್ಟಿಕ್ಕನ್ನು ಪರ್ರೆಂದು ಕಿತ್ತು ಕೆಳಗೆ ಹಾಕಿದಳು. ಆಮೇಲೆ ಚಾಲೂ ಮಾಡಿದಳು. ಮಾಡಿದ ಕೂಡಲೇ ಹೊರಟಳು.

“ಬಿಸಿ ಆಗ್ಲಿ ತಡಿ” ಎಂದು ನಿಧಾನಣ್ಣ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಾ ಓಡಿ ಬಂದು ಹತ್ತಿದ.

“ಹೋಗ್ತಾ ಹೋಗ್ತಾ ಆಗುತ್ತೆ ಅಪ್ಪ. ಓಣಿ ದಾಟೋವರೆಗೆ ಮೆಲ್ಲಗೆ ಹೋಗ್ತೀನಿ, ಅಷ್ಟು ಸಾಕು.”

ಸದ್ದು ಶುರುವಾದಷ್ಟೇ ಬೇಗ ಮಾಯವಾದದ್ದು ಕೇಳಿ ಟೈಲರ್ ಗಾಬರಿಯಿಂದ ಬಾಗಿಲಿಗೆ ಬಂದು ನಿಂತಿದ್ದ. ಅಂಗಡಿಯಲ್ಲಿ ಚೌಕಟ್ಟಿನ ತುಂಬ ಗಾಜು ಏರಿಸಿದರು. ವ್ಯಾನಿನ ಹಿಂಭಾಗ ಮೊದಲ ಬಾರಿಗೆ ಕೆಳಗೆ ಕುಗ್ಗಿತು. ಕೆಲಸದವರು ಹಗ್ಗ ಬಿಗಿದ ಮೇಲೆ ಮಗಳು ಒಂದು ಸುತ್ತು ಬಂದು ಪ್ರತಿ ಗಂಟನ್ನೂ ಎಳೆದು ನೋಡಿದಳು. ಹೋಗುವಾಗ ‘ದಾಟಿ ಹೋಗಿ’ ಎಂಬ ರಟ್ಟನ್ನು ಕಳಚಿ ಒಳಗಿಟ್ಟಳು.

ಬೆಟ್ಟದ ಬುಡ ಬಂತು. ಪಕ್ಕದ ಸೀಟಿನಲ್ಲಿ ಕೂತು ಅವನಿಗೆ ರೂಢಿಯೇ ಇರಲಿಲ್ಲ. ಅಲ್ಲಿಂದ ರಸ್ತೆ ಬೇರೆ ಯಾರದೋ ರಸ್ತೆಯಂತೆ ಕಾಣುತ್ತಿತ್ತು. ಏರು ಶುರುವಾದೊಡನೆ ಅವಳು ಗೇರು ಇಳಿಸಿ ಕಾಲು ಒತ್ತಿದಳು. ಎಂಜಿನ್ನು ಒಂದು ದನಿ ತೆಗೆಯಿತು. ಅಷ್ಟು ದಿನ ಜೊತೆಗಿದ್ದೂ ಅವನು ಕೇಳದಿದ್ದ ದನಿ. ಗುರುಗುಟ್ಟಲ್ಲ, ಕಿರುಚಲ್ಲ. ತುಂಬಿದ ಕೊಡ ಎತ್ತುವಾಗ ಹೆಂಗಸೊಬ್ಬಳು ಎದೆಯೊಳಗಿಂದ ಹೊರಡಿಸುವಂಥ ಗಟ್ಟಿ ಹೂಂಕಾರ. ನಿಧಾನಣ್ಣನ ಕಾಲು ತಾನಾಗಿ ನೆಲವನ್ನು ಒತ್ತಿತು.

“ಅಲ್ಲಿ ಬ್ರೇಕ್ ಇಲ್ಲ ಅಪ್ಪ.”

“ಸುಟ್ಟ ವಾಸನೆ ಬರ್ತಾ ಇದೆ. ನಿಲ್ಲಿಸು.”

ಅವಳು ಮೂಗು ಏರಿಸಿ ನೋಡಿದಳು. “ಸೈಲೆನ್ಸರಿನ ಮೇಲಿನ ಬಣ್ಣ ಕಾಯ್ತಾ ಇದೆ. ಹೊಸ ಗಾಡೀಲಿ ಮೊದಲ ವಾರ ಬರೋ ವಾಸನೆ ಇದು. ಇಷ್ಟು ದಿನ ಆದ್ರೂ ಇನ್ನೂ ಬರ್ತಿದೆ ಅಂದ್ರೆ ಇದು ಒಂದು ದಿನವೂ ಸರಿಯಾಗಿ ಕಾದೇ ಇಲ್ಲ ಅಪ್ಪ.”

ದಿನಾ ಬೆಳಿಗ್ಗೆ ಅಷ್ಟು ಹೊತ್ತು ಮೈ ಕಾಯಿಸಿದ್ದೆನಲ್ಲ ಎಂದುಕೊಂಡ. ಒಲೆಯ ಮೇಲೆ ಇಟ್ಟದ್ದು ನಿಜ, ಉರಿ ಮಾತ್ರ ಹಚ್ಚಿರಲಿಲ್ಲವೇನೋ.

ಮೊದಲ ತಿರುವು ಬಂದಾಗ ಅವನು ಕಣ್ಣು ಮುಚ್ಚಿ ಕಿವಿಯನ್ನು ಹಿಂದಕ್ಕೆ ಕೊಟ್ಟ. ಟಿಣ್ ಎನ್ನಲಿಲ್ಲ. ಎರಡನೆಯದಕ್ಕೆ ಕಣ್ಣು ತೆರೆದಿಟ್ಟು ಅವಳ ಕೈಕಾಲುಗಳನ್ನು ನೋಡಿದ. ತಿರುವು ಕಾಣುವ ಮೊದಲೇ ಅವಳ ಕಾಲು ಬ್ರೇಕಿನ ಮೇಲೆ ಬಂದಿತ್ತು, ಮೊಟ್ಟೆಯ ಮೇಲೆ ಇಟ್ಟಂತೆ. ಸ್ಟೇರಿಂಗನ್ನು ಅವಳು ತಿರುಗಿಸುತ್ತಿರಲಿಲ್ಲ, ಜಾರಲು ಬಿಡುತ್ತಿದ್ದಳು. ತಿರುವು ಮುಗಿದ ಮೇಲೆ ಮತ್ತೆ ಎಂಜಿನ್ನಿನ ಮೇಲೆ ಪೂರಾ ಭಾರ. ಎಂಜಿನ್ನಿಗೆ ಒಂದಿಷ್ಟೂ ದಾಕ್ಷಿಣ್ಯವಿಲ್ಲ, ಹಿಂದಿನ ಗಾಜಿಗೆ ಮಾತ್ರ ಅಷ್ಟು ಮರ್ಯಾದೆ. ಇವೆರಡೂ ಬೇರೆ ಬೇರೆ ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಅವನ ಕೈಯಲ್ಲಿ ಅವು ಯಾವಾಗಲೂ ಒಂದೇ ಆಗಿದ್ದವು.

“ಹೀಗೆ ತಿರುಗಿಸೋದು ಎಲ್ಲಿ ಕಲಿತೆ?”

“ಎಲ್ಲಿ ಅಂದ್ರೆ? ಒಡಕು ಗಾಜು ಇಟ್ಟು ಹೊಡೆಸಿದ್ದು ಯಾರು?” ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ನನ್ನ ಹಿಂದೆ ಸ್ಟ್ರೆಚರಿನ ಮೇಲೆ ಕಾಲು ಮುರಿದವರು ಇರ್ತಾರೆ. ತಿರುವಿನಲ್ಲಿ ಎತ್ತಿ ಹಾಕಿದ್ರೆ ಅವರು ಕೂಗ್ತಾರೆ. ನಿನ್ನ ಗಾಜು ಕೂಗಲ್ಲ, ಅಷ್ಟೇ.”

ಗ್ರಂಥಾಲಯದ ಓದುವ ಕೋಣೆಗೆ ಇನ್ನೂ ಬಾಗಿಲೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಕಿಟಕಿಯ ಖಾಲಿ ಚೌಕಗಳಿಂದ ಗಾಳಿ ಬೀಸಿ ನೆಲದ ಮೇಲಿನ ಸಿಮೆಂಟಿನ ಹುಡಿಯನ್ನು ಆ ಮೂಲೆಯಿಂದ ಈ ಮೂಲೆಗೆ ಗುಡಿಸುತ್ತಿತ್ತು. ಗಾಜುಗಳನ್ನು ಒಂದೊಂದಾಗಿ ಇಳಿಸಿ ಗೋಡೆಗೆ ಒರಗಿಸಿದರು. ನಿಧಾನಣ್ಣ ಚೆನ್ನಾಗಿದ್ದ ಕೈಯ ಬೆರಳಿನಿಂದ ಪ್ರತಿಯೊಂದರ ಅಂಚನ್ನೂ ಸವರಿ ನೋಡಿದ. ಎಲ್ಲವೂ ಇಡಿಯಾಗಿದ್ದವು.

ಇಳಿಯುವ ದಾರಿಯಲ್ಲಿ ಹಿಂದಿನಿಂದ ಸೈರನ್ ಕೇಳಿತು. ಮಗಳು ವ್ಯಾನನ್ನು ಬದಿಗೆ ಹಾಕಿ ನಿಂತಳು. ಆಂಬುಲೆನ್ಸ್ ದಾಟಿ ಹೋಯಿತು.

“ನಮ್ಮವಳಲ್ಲ ಅಪ್ಪ” ಎಂದಳು. “ನಮ್ಮವಳು ಇಲ್ಲಿದ್ದಾಳೆ.”

ಅವನು ಬೆಚ್ಚಿ ಅವಳ ಕಡೆ ನೋಡಿದ. “ನೀನು ಹಾಗನ್ನೋದನ್ನ ಅಮ್ಮ ಕೇಳಿಸ್ಕೊಂಡು ಹೇಳಿದ್ದಾಳೆ” ಎಂದು ಅವಳು ಗೇರು ಹಾಕಿದಳು. ಅವನು ಕಿಟಕಿಯ ಕಡೆ ತಿರುಗಿ, ಬೆಟ್ಟದ ಕೆಳಗಿನ ಊರನ್ನು ಬಹಳ ಹೊತ್ತು ನೋಡಿದ.

ಊರು ಹೊಕ್ಕ ಮೇಲೆ ಅವನೇ ಸರ್ವೀಸ್ ಅಂಗಳದ ಮುಂದೆ ನಿಲ್ಲಿಸಲು ಹೇಳಿದ. ಅಲ್ಲಿಯ ಫೋರ್ಮನ್ ಒರೆಸುಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಬೆಳಗಿನ ಗುರುಗುಟ್ಟು, ಕಾಲು ಹೊರೆ, ಕೆರೆಯ ಸುತ್ತು. ಕೇಳುತ್ತಾ ಕೇಳುತ್ತಾ ಅವನ ಹುಬ್ಬು ಮೇಲೇರಿತು.

“ನಿಮ್ಮ ಹಳೇ ಗಾಡಿಗೆ ಅದು ಸರಿ ಇತ್ತು ಯಜಮಾನ್ರೆ. ಆಗಿನ ಎಂಜಿನ್ನಿನ ಒಳಗೆಲ್ಲ ಒರಟು. ಮೆಲ್ಲಗೆ ಸವೆಸದಿದ್ರೆ ಹಿಡ್ಕೊಂಡು ಬಿಡ್ತಿತ್ತು. ಈಗ ನಯ ಮಾಡಿಯೇ ಕಳಿಸ್ತಾರೆ. ಪಿಸ್ಟನ್ನಿಗೆ ಬಳೆ ಹಾಕಿರ್ತೀವಲ್ಲ, ಅದು ಒಳಗಿನ ಗೋಡೆಗೆ ಒತ್ತಿ ಉಜ್ಜಿಕೊಂಡೇ ಹೊಂದಿಕೊಳ್ಳಬೇಕು. ಒತ್ತೋದು ಯಾವಾಗ? ಭಾರ ಎಳೆಯುವಾಗ. ನೀವು ಭಾರವನ್ನೇ ಕೊಡದಿದ್ರೆ ಅದು ಸುಮ್ಮನೆ ಮೇಲೆ ಮೇಲೆ ಜಾರ್ತಾ ಇರುತ್ತೆ. ಹಾಗಂತ ಮೊದಲ ದಿನವೇ ಕತ್ತು ಹಿಡಿದು ಓಡಿಸೋದೂ ಬೇಡ.” ಅವನು ಬಾನೆಟ್ಟನ್ನು ತಟ್ಟಿದ. “ಇನ್ನು ನಿಂತಲ್ಲೇ ಉರಿದ ಡೀಸೆಲ್ಲಿಗೆ ಮೈಲೇಜ್ ಎಲ್ಲಿಂದ ಬರುತ್ತೆ? ನಿಮ್ಮ ಪೇಪರ್ ಓದೋಕೆ ಅದು ಯಾಕೆ ಕುಡೀಬೇಕು?”

“ಕೆಟ್ಟು ಹೋಯ್ತಾ ಹಾಗಾದ್ರೆ?”

“ಕೆಟ್ಟಿಲ್ಲ. ಸೋಮಾರಿ ಆಗಿದೆ. ದುಡಿಸಿ.”

ಮಗಳ ರಜೆ ಮುಗಿಯುವವರೆಗೂ ಅವಳು ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ಮಣಿಕಟ್ಟಿನ ಊತ ಇಳಿದ ಮೇಲೆ ಒಂದು ದಿನ ಅವನೇ ಸ್ಟೇರಿಂಗ್ ಹಿಡಿದು, ಪೂರಾ ಹೊರೆ ಹೇರಿಸಿ, ಒಬ್ಬನೇ ಬೆಟ್ಟದ ಬುಡಕ್ಕೆ ಬಂದ. ಅಲ್ಲಿ ಅರೆಗಳಿಗೆ ನಿಲ್ಲಿಸಿದ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ನಿಧಾನಣ್ಣ ಗೇರು ಇಳಿಸಿ ಕಾಲು ಒತ್ತಿದ. ಆ ಹೂಂಕಾರ ಬಂತು. “ತಡ್ಕೋ” ಎಂದ, ಗಾಡಿಗೋ ತನಗೋ ತಿಳಿಯದೆ. ಅರ್ಧ ಬೆಟ್ಟ ಏರಿದ ಮೇಲೆ ಆ ಸದ್ದಿನೊಳಗೆ ಬೇರೇನೋ ಕೇಳಿಸತೊಡಗಿತು. ಒರಟು ಕಡಿಮೆಯಾಗಿತ್ತು. ಹೊಸ ಚಪ್ಪಲಿ ಒಂದು ದಿನ ಇದ್ದಕ್ಕಿದ್ದಂತೆ ಕಚ್ಚುವುದನ್ನು ಬಿಟ್ಟಾಗ ಹೇಗಿರುತ್ತದೋ ಹಾಗೆ.

ಅವನೇನೂ ಬದಲಾಗಿಬಿಡಲಿಲ್ಲ. ಸಮ ರಸ್ತೆಯಲ್ಲಿ ಈಗಲೂ ಸೈಕಲ್ಲಿನವರು ಅವನನ್ನು ದಾಟುತ್ತಿದ್ದರು. ಕೆಲವು ಬೆಳಿಗ್ಗೆ ಚಾಲೂ ಮಾಡಿ ಅಭ್ಯಾಸ ಬಲದಿಂದ ಒಳಗೆ ಹೋಗಿ, ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದು ಆಫ್ ಮಾಡುತ್ತಿದ್ದ. “ಹೆಂಡತಿಯ ಮಾತು ಕೇಳಲಿಲ್ಲ, ಮಗಳ ಮಾತು ಕೇಳಿದ್ರಿ” ಎಂದು ಹೆಂಡತಿ ಅನ್ನುತ್ತಿದ್ದಳು. “ನಾನೂ ಇನ್ನು ಮುಂದೆ ಭಾರ ಹೊರಿಸಿಯೇ ನೋಡ್ತೀನಿ.” ಅವತ್ತು ಸಂತೆಯ ಚೀಲಗಳೆರಡೂ ಅವನ ಕೈಗೆ ಬಂದವು.

ಸರ್ವೀಸಿನ ಹಿಂದಿನ ದಿನ ಯಜಮಾನತಿ ತಾನೇ ವ್ಯಾನು ಹತ್ತಿದಳು. ಪಕ್ಕದ ಸೀಟಿನಲ್ಲಿ ಕೂತು, ಶಾಲೆಗೆ ಹೋಗುತ್ತಿದ್ದಾಗ ಮಾಡುತ್ತಿದ್ದಂತೆ ಕಿಟಕಿಗೆ ಮೊಣಕೈ ಕೊಟ್ಟಳು. ನೇರ ಡೀಸೆಲ್ ಬಂಕಿಗೆ ಹೋದರು. ಹಿಂದಿನ ವಾರ ಇದೇ ಬಂಕಿನಲ್ಲಿ ಟ್ಯಾಂಕನ್ನು ಬಾಯಿವರೆಗೂ ತುಂಬಿಸಿದ್ದರು. ಈಗ ಮತ್ತೆ ಬಾಯಿವರೆಗೂ. ಪಂಪಿನ ಅಂಕಿಗಳು ಓಡುವಷ್ಟು ಹೊತ್ತೂ ನಿಧಾನಣ್ಣ ಬೇರೆ ಕಡೆ ನೋಡುತ್ತಿದ್ದ. ಬಂಕಿನ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಅದೂ ಅಲುಗಲಿಲ್ಲ.

ಅವಳು ಓಡಿದ ಕಿಲೋಮೀಟರನ್ನು ಲೀಟರಿನಿಂದ ಫೋನಿನಲ್ಲಿ ಭಾಗಿಸಿ ನೋಡಿದಳು. ಇನ್ನೊಮ್ಮೆ ಭಾಗಿಸಿದಳು.

“ಹನ್ನೆರಡೂವರೆ” ಎಂದಳು.

ಅವನು ಹಲ್ಲಿಯನ್ನೇ ನೋಡುತ್ತಿದ್ದ.

“ಶೋರೂಮಿನವರು ಹೇಳಿದಷ್ಟೇನಿಲ್ಲ.”

“ಅವರು ಹೇಳಿದಷ್ಟು ಅವರಿಗೂ ಬರಲ್ಲ ಪುಟ್ಟಕ್ಕ.”

ಅವಳು ನಕ್ಕಳು. “ಏನು ಮಾಡಿದ್ರಿ ಅಣ್ಣ?”

ಅವನು ಯೋಚಿಸಿದ. ಮಗಳು ಎನ್ನಬಹುದಿತ್ತು, ಫೋರ್ಮನ್ ಎನ್ನಬಹುದಿತ್ತು. ಬಿಟ್ಟಿದ್ದರೂ ದಿನ ಕಳೆದಂತೆ ಅದು ತಾನಾಗಿ ಒಂದಿಷ್ಟು ಏರುತ್ತಿತ್ತೇನೋ, ಯಾರಿಗೆ ಗೊತ್ತು. “ನಾನೇನೂ ಮಾಡಲಿಲ್ಲ” ಎಂದ ಕೊನೆಗೆ. “ಮಾಡೋದನ್ನ ಸ್ವಲ್ಪ ನಿಲ್ಲಿಸಿದೆ. ಉಳಿದದ್ದು ಬೆಟ್ಟ ಮಾಡ್ತು.”

“ಸರಿ. ವ್ಯಾನು ಇರಲಿ” ಎಂದಳು ಅವಳು. ಸ್ವಲ್ಪ ದೂರ ಹೋದ ಮೇಲೆ, “ನೀವೂ ಇರಿ, ಇದೇ ಸೀಟಿನಲ್ಲಿ. ಕನ್ನಡಿ ಒರೆಸೋಕೆ ಯಾರಾದ್ರೂ ಸಿಗ್ತಾರೆ” ಎಂದಳು. ಅವಳು ಉತ್ತರಕ್ಕೆ ಕಾಯಲಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ಬಂದು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

ಸರ್ವೀಸು ಮುಗಿದ ಮರುದಿನ ಓಣಿಯಲ್ಲಿ ಸದ್ದಿಲ್ಲದೆ ಬೆಳಗಾಯಿತು. ನಿಧಾನಣ್ಣ ಕೀ ಹಿಡಿದು ಹೊರಗೆ ಬಂದಾಗ ಎದುರುಮನೆಯ ಟೈಲರ್ ಆಗತಾನೇ ಎದ್ದು, ಕೆದರಿದ ತಲೆಯಲ್ಲಿ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ನಿಂತಿದ್ದ.

“ಏನಣ್ಣ, ನಿನ್ನ ಕೂಸು ಈಗ ಅಳೋದೇ ಇಲ್ಲ. ಅದರ ದೆಸೆಯಿಂದ ನಾನು ಏಳೋದು ತಡ, ನಿನ್ನೆ ಗಿರಾಕಿ ಬಂದು ಬೈದು ಹೋದ. ಪೂರ್ತಿ ಪಳಗಿಬಿಡ್ತಾ?”

“ಪಳಗೋದು ಅಂದ್ರೆ ಒಂದು ದಿನಕ್ಕೆ ಆಗಿಬಿಡೋದಲ್ಲ ಅದು” ಎಂದ ನಿಧಾನಣ್ಣ. ಅವನಿಗೆ ವಿವರಿಸಿ ಹೇಳುವ ಮನಸ್ಸಿತ್ತು. “ಒಳಗೆ ಒಂದಕ್ಕೊಂದು ಒತ್ತಿ, ಉಜ್ಜಿ, ಆಮೇಲೆ ಹೊಂದಿಕೊಳ್ಳುತ್ತೆ. ಭಾರ ಬೀಳದೆ ಅದು ಆಗಲ್ಲ. ನಾನು ಏನು ಮಾಡಿದ್ದೆ ಅಂದ್ರೆ, ಭಾರ ಬೀಳಬಾರದು ಅಂತ…” ಅವನು ಬೆಟ್ಟದ ಕಡೆ ನೋಡಿದ. ಅಲ್ಲಿಯ ಹೊಸ ಕಿಟಕಿಗಳ ಮೇಲೆ ಬಿಸಿಲು ಬಿದ್ದು, ಇಷ್ಟು ದೂರಕ್ಕೂ ಮಿಂಚುತ್ತಿತ್ತು. ಅವನು ವ್ಯಾನಿನ ಕಡೆ ಹೆಜ್ಜೆ ಹಾಕಿದ, ಮಾತು ಇನ್ನೂ ನಡೆದೇ ಇತ್ತು. “ಇವತ್ತು ಮತ್ತೆ ಮೇಲಕ್ಕೆ ಹೋಗ್ಬೇಕು, ಗಾಜು ದೊಡ್ಡವು, ಬಿಸಿಲು ಏರೋ ಮುಂಚೆ ಆ ತಿರುವುಗಳನ್ನ ದಾಟಿಬಿಟ್ರೆ, ಆಮೇಲೆ ನಾನೂ ಇದೂ ಸ್ವಲ್ಪ ನಿಧಾನವಾಗಿ ಇಳಿದು ಬರಬಹುದು…”